ಏನೂ ಇಲ್ಲ ಎಂಬ ವರದಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ತಾನು ಮನಸ್ಸಿನಲ್ಲೇ ಏನನ್ನೋ ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ಏನನ್ನು ಎಂದು ತಿರುಗಿ ನೋಡಲು ಧೈರ್ಯವಾಗದೆ ಬಾಯಿ ಮುಕ್ಕಳಿಸಿ ಉಗಿದಳು. ಹನ್ನೊಂದು ಗಂಟೆಗೆ ಅಣ್ಣನ ತಲೆಯ ಸ್ಕ್ಯಾನು. ತೆಗೆಯಬೇಕಾದವಳು ಅವಳೇ. ಬೇಕಿದ್ದರೆ ಜೊತೆಯ ಕೆಲಸಗಾರನಿಗೆ ಒಪ್ಪಿಸಿ ಆ ಹೊತ್ತಿಗೆ ಕ್ಯಾಂಟೀನಿನಲ್ಲಿ ಕೂತಿರಬಹುದಿತ್ತು. ಹಾಗೆ ಮಾಡಲಾರೆ ಎಂಬುದು ನಿನ್ನೆಯೇ ಗೊತ್ತಿತ್ತು. ಹದಿನೇಳು ವರ್ಷಗಳಿಂದ ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಗಾಜಿನಾಚೆ ಯಂತ್ರದ ಹೊಟ್ಟೆಯೊಳಗೆ ಮಲಗಿದವರಿಗೆ "ಅಲ್ಲಾಡಬೇಡಿ" ಎನ್ನುತ್ತ ಬಂದವಳು ಅವಳು. ಮಂಡಿ ಬರುತ್ತಿತ್ತು, ಬೆನ್ನು ಬರುತ್ತಿತ್ತು, ಭುಜ ಬರುತ್ತಿತ್ತು. ಅವಳ ಕುತೂಹಲವೆಲ್ಲ ತಲೆಯ ಮೇಲೆ. ಪರದೆಯ ಮೇಲೆ ಸೀಳು ಸೀಳಾಗಿ ಮೂಡುವ ಮಿದುಳು ಅವಳಿಗೆ ಒಗೆದು ಹಿಂಡಿ ಬಕೆಟ್ಟಿನಲ್ಲಿ ಒತ್ತಿಟ್ಟ ಬಟ್ಟೆಯಂತೆ ಕಾಣುತ್ತಿತ್ತು. ಒಂದು ದಿನ ಒಬ್ಬ ನ್ಯಾಯಾಧೀಶರು ಬಂದುಹೋದ ಮೇಲೆ ಪೊಲೀಸರ ಕಾವಲಿನಲ್ಲಿ ಒಬ್ಬ ಕೈದಿ ಬಂದಿದ್ದ. ಸಂಜೆ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಯಾವುದು ಯಾರದು ಎಂದು ಹೆಸರು ಮುಚ್ಚಿದರೆ ಹೇಳುವ ಹಾಗಿರಲಿಲ್ಲ. ಗಂಡನನ್ನು ಕಳೆದುಕೊಂಡು ಎಂಟು ದಿನವಾದ ಹೆಂಗಸಿನ ಮಿದುಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಳು, ದುಃಖ ಯಾವ ಮಡಿಕೆಯಲ್ಲಿರಬಹುದು ಎಂದು. "ಏನು ಮೇಡಂ, ಉಂಗುರ ಗಿಂಗುರ ಬಿದ್ದಿದ್ಯಾ ಒಳಗೆ?" ಎಂದು ಜೊತೆಯವನು ಕೇಳಿದ್ದ. ಅವನ ಗಂಟಲು ದೊಡ್ಡದು, ಇಡೀ ಆಸ್ಪತ್ರೆ ಅವನನ್ನು ನಗಾರಿ ಎಂದೇ ಕರೆಯುತ್ತಿತ್ತು. ನಗಾರಿ ಮೆಲ್ಲಗೆ ಮಾತಾಡಿದರೂ ಮೂರು ಕೋಣೆಗೆ ಕೇಳಿಸುತ್ತದೆ.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಎದುರಿನ ಅಂಗಡಿಯ ಫಲಕದಲ್ಲಿ ಒಂದು ಒತ್ತಕ್ಷರ ತಪ್ಪಿರುವುದು ಕಂಡಿತು. ಅಣ್ಣ ಜೊತೆಗಿದ್ದಿದ್ದರೆ ಮೊದಲು ಅವನಿಗೇ ಕಾಣುತ್ತಿತ್ತು. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು. ಔಷಧಿಯ ಚೀಟಿಯನ್ನೂ ಪೆನ್ನು ಹಿಡಿದೇ ಓದುತ್ತಿದ್ದ. ಎಂಟು ತಿಂಗಳ ಹಿಂದೆ ನಾಲ್ಕು ಪುಟ ತಪ್ಪು ತಪ್ಪಾಗಿ ಅಚ್ಚಾಗಿ ಹೋದವು. ಮಾಲೀಕರು ಎದುರಿಗಿಟ್ಟು ಕೇಳಿದರೆ ಅಣ್ಣ, "ಕಂಡಿತ್ತು. ತಿದ್ದಬೇಕು ಅನ್ನಿಸಲಿಲ್ಲ" ಎಂದನಂತೆ. ಆಮೇಲೆ ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ಮಂಚದ ಅಂಚಿನಲ್ಲಿ ಕೂರುವುದು ಶುರುವಾಯಿತು. ಬೆಳಿಗ್ಗೆ ಬೇಗ ಏಳು, ನಡೆದಾಡು, ನಾಲ್ಕು ಜನರ ಜೊತೆ ಬೆರೆ ಎಂದು ಎಲ್ಲರೂ ಹೇಳಿದರು. ಚಿಕ್ಕಪ್ಪನ ಮನೆಯ ಊಟದಲ್ಲಿ ಚಿಕ್ಕಪ್ಪ ಅವಳ ಕಡೆ ತಿರುಗಿ, "ಆಸ್ಪತ್ರೇಲಿ ಇರೋಳು ನೀನೇ ಹೇಳಮ್ಮ, ಏನಂತೆ ಇವನಿಗೆ?" ಎಂದಿದ್ದರು. "ಏನೂ ಇಲ್ಲ ಚಿಕ್ಕಪ್ಪ, ಸೋಮಾರಿತನಕ್ಕೆ ಈಗ ಹೊಸ ಹೆಸರು ಬಂದಿದೆ ಅಷ್ಟೆ" ಎಂದುಬಿಟ್ಟಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆದರೆ ತುಸು ತಡವಾಗಿ, ಬೇರೆಯವರ ಬಾಯಿ ನೋಡಿಕೊಂಡು, ಈಗ ನಗಬೇಕಾದ ಹೊತ್ತು ಎಂದು ತಿಳಿದುಕೊಂಡವನ ಹಾಗೆ. ಮಾತನ್ನು ಆಡಿದ್ದಕ್ಕಿಂತ ಆ ತಡವಾದ ನಗು ಅವಳನ್ನು ಹೆಚ್ಚು ಕಾಡುತ್ತಿತ್ತು.

ಹನ್ನೊಂದಕ್ಕೆ ಕಾಲು ಗಂಟೆ ಮೊದಲೇ ಅತ್ತಿಗೆ ಅಣ್ಣನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಅಣ್ಣ ಗಡ್ಡ ಬೋಳಿಸಿಕೊಂಡಿದ್ದ. ಗಲ್ಲದ ಕೆಳಗೆ ಒಂದಿಷ್ಟು ಉಳಿದುಹೋಗಿತ್ತು. ಅತ್ತಿಗೆಯ ಕೈಯಲ್ಲಿ ಮನೋವೈದ್ಯೆ ಬರೆದ ಚೀಟಿ. ಐವತ್ತು ದಾಟಿದ ಮೇಲೆ ಮೊದಲ ಸಲ ಹೀಗಾದರೆ ತಲೆಯೊಳಗೆ ಬೇರೇನಾದರೂ ಇದೆಯೇ ಎಂದು ನೋಡಿಬಿಡುವುದು ಒಳ್ಳೆಯದು ಎಂದು ಅವರು ಹೇಳಿದ್ದರು. "ಚೆನ್ನಾಗಿ ನೋಡು ಕಣೇ. ಮೂಲೆ ಮೂಲೆಯೂ ನೋಡು" ಎಂದರು ಅತ್ತಿಗೆ, ಬಾಡಿಗೆ ಮನೆ ತೋರಿಸಲು ಬಂದವರ ಹಾಗೆ. ಅವಳು ಅಣ್ಣನನ್ನು ಕೂರಿಸಿ, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕೇಳಿದಳು. ಮೈಯಲ್ಲಿ ಲೋಹದ ತುಂಡು ಇದೆಯೇ, ಎದೆಗೆ ಯಂತ್ರ ಕೂರಿಸಿದ್ದಾರೆಯೇ, ಕಟ್ಟಿದ ಹಲ್ಲಿದೆಯೇ.

"ಹಿಂದೆ ಯಾವಾಗಾದ್ರೂ ತಲೆಗೆ ಪೆಟ್ಟು ಬಿದ್ದಿತ್ತಾ?"

"ನೀನೇ ಬೀಳಿಸಿದ್ದಲ್ಲ ಗುಬ್ಬಿ" ಎಂದ ಅಣ್ಣ. ಅವಳು ಫಾರಮ್ಮಿನಿಂದ ತಲೆಯೆತ್ತಿದಳು. "ಉಯ್ಯಾಲೆ" ಎಂದ. ಎಡಹುಬ್ಬಿನ ಮೇಲಿನ ಗೀರನ್ನು ಮುಟ್ಟಿ ತೋರಿಸಿದ. ಅವಳಿಗೆ ಆಗ ಏಳು ವರ್ಷ, ಅವನಿಗೆ ಹದಿನಾರು. ಜೋರಾಗಿ ತಳ್ಳು ತಳ್ಳು ಎಂದವನು ಅವನೇ. ಅವನು ತಮಾಷೆಗೆ ಹೇಳಿದ್ದು, ಎಂಟು ತಿಂಗಳಲ್ಲಿ ಅವಳು ಕೇಳಿದ ಅವನ ಮೊದಲ ತಮಾಷೆ. ಅದಕ್ಕೆ ಸಂತೋಷಪಡಬೇಕಾದವಳು ಫಾರಮ್ಮಿನಲ್ಲಿ "ಹೌದು" ಎಂದು ಗುರುತು ಹಾಕುವಾಗ ತಪ್ಪೊಪ್ಪಿಗೆಗೆ ರುಜು ಹಾಕಿದವಳಂತೆ ಬೆವತಳು.

ಮೇಜಿನ ಮೇಲೆ ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಮುಖದ ಮೇಲೆ ಜಾಲರಿ ಕೂರಿಸುವಾಗ ಅವನ ಬೆನ್ನು ಒಂದಿಷ್ಟು ಪಕ್ಕಕ್ಕಿದೆ ಎಂದು ಎರಡೂ ಕೈ ಕೊಟ್ಟು ಸರಿಪಡಿಸಿದಳು. ಆ ಬೆನ್ನು ಅಪ್ಪನದು. ಅಗಲವಾಗಿ, ಮೂಳೆಗಳು ತೋರಿ, ಬನಿಯನ್ನಿನ ಮೇಲಿಂದಲೂ ಬೆಚ್ಚಗೆ. ಅಪ್ಪ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮನೆಗೆ ಬಂದವರಿಗೆಲ್ಲ ಅಮ್ಮ "ಬೆನ್ನುನೋವು" ಎನ್ನುತ್ತಿದ್ದಳು. ದಿನಾ ಸಂಜೆ ಶಾಲೆಯಿಂದ ಬಂದು ಮುಲಾಮು ತಿಕ್ಕುವುದು ಅವಳ ಕೆಲಸ. ಎಲ್ಲಿ ನೋವು ಅಪ್ಪ? ಇಲ್ಲಿ. ಇಲ್ಲಾ? ಹೂಂ, ಅಲ್ಲೂ. ಅವರು ಪ್ರತಿಸಲ ಬೇರೆ ಜಾಗ ಹೇಳುತ್ತಿದ್ದರು, ಅವಳು ಬೇಸರಪಟ್ಟುಕೊಳ್ಳಬಾರದೆಂದು ಯಾವುದೋ ಒಂದು ಜಾಗ. ಒಂದು ದಿನ ತಿಕ್ಕುತ್ತಿದ್ದಾಗಲೇ ಆ ಬೆನ್ನು ಸದ್ದಿಲ್ಲದೆ ನಡುಗಿತು. ನಾನೇ ಗಟ್ಟಿಯಾಗಿ ಒತ್ತಿಬಿಟ್ಟೆ ಎಂದುಕೊಂಡು ಅವಳು ಮೆಲ್ಲನೆ ಕೈ ತೆಗೆದಿದ್ದಳು. "ಕೈಗೆ ಇದನ್ನ ಕೊಡ್ತೀನಿ. ಭಯ ಆದ್ರೆ ಒತ್ತು, ತಕ್ಷಣ ಬರ್ತೀನಿ" ಎಂದು ರಬ್ಬರಿನ ಉಂಡೆಯನ್ನು ಅಣ್ಣನ ಅಂಗೈಗೆ ಇಟ್ಟು ಅವಳು ಗಾಜಿನಾಚೆಗೆ ಬಂದಳು.

ಚಿತ್ರಗಳು ಒಂದೊಂದಾಗಿ ಬರತೊಡಗಿದವು. ಅಣ್ಣನ ಕಣ್ಣುಗುಡ್ಡೆ, ಮೂಗಿನ ಗೂಡು, ಆಮೇಲೆ ಆ ಹಿಂಡಿದ ಬಟ್ಟೆ. ಇಷ್ಟು ವರ್ಷ ಕಂಡವರ ತಲೆಯೊಳಗೆಲ್ಲ ಇಣುಕಿದವಳಿಗೆ ಇದು ಮಾತ್ರ ಬಚ್ಚಲುಮನೆಯ ಬಾಗಿಲು ತಳ್ಳಿದಂತೆ ಮುಜುಗರವಾಯಿತು. ಎಡಗಡೆ, ಹಣೆಯ ಹಿಂದೆ, ಒಂದು ಬಿಳಿ ಚುಕ್ಕೆ. ಸಿಕ್ಕಿತು! ಮೈಯೆಲ್ಲ ಹಬ್ಬಿದ ನಿಚ್ಚಳ ಸಂತೋಷ. ಸಿಕ್ಕಿಬಿಟ್ಟಿತು, ಇದೇ, ಇಲ್ಲೇ ಇದೆ, ಅವನು ಸೋಮಾರಿಯಲ್ಲ, ನಾನು ಆಡಿದ್ದು ತಪ್ಪು, ಇಗೋ ಎಲ್ಲರಿಗೂ ತೋರಿಸುತ್ತೇನೆ. ಆ ಸಂತೋಷ ಎರಡು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ತಾನು ಏನನ್ನು ಕಂಡು ಹಿಗ್ಗುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಬೇಡಿಕೊಂಡದ್ದು ಇದನ್ನೇ. ಅಣ್ಣನ ತಲೆಯಲ್ಲಿ ಗಡ್ಡೆಯೋ ಗಾಯವೋ ಇರಲಿ ಎಂದು. "ಏನು ಮೇಡಂ, ಮುಖ ಹೀಗಾಯ್ತು?" ಎಂದ ನಗಾರಿ, ತನ್ನ ಮಟ್ಟಿಗೆ ಪಿಸುಮಾತಿನಲ್ಲಿ. ಗಾಜಿನಾಚೆಗೂ ಕೇಳಿಸಿತೋ ಏನೋ, ಅಷ್ಟರಲ್ಲಿ ಗಂಟೆ ಬಡಿದುಕೊಂಡಿತು. ಅಣ್ಣ ಉಂಡೆ ಒತ್ತಿದ್ದ.

ಓಡಿಹೋಗಿ ಮೇಜನ್ನು ಹೊರಗೆಳೆದರೆ ಅಣ್ಣ ಜಾಲರಿಯೊಳಗಿಂದ ಅವಳನ್ನು ದಿಟ್ಟಿಸಿದ. "ಎಷ್ಟು ಉಳಿದಿದೆ?" "ಹತ್ತು ನಿಮಿಷ. ಬೇಡ ಅಂದ್ರೆ ನಿಲ್ಲಿಸ್ತೀನಿ." "ನಿಲ್ಲಿಸೋದು ಬೇಡ. ಆದ್ರೆ ನೀನು ಆ ಕಡೆ ಹೋಗಬೇಡ" ಎಂದ. ಅವಳು ಕೈಗಡಿಯಾರವನ್ನು, ಕತ್ತಿನ ಸರವನ್ನು ಬಿಚ್ಚಿ ನಗಾರಿಗೆ ಕೊಟ್ಟು, ತಾನೂ ಕಿವಿಗೆ ಹತ್ತಿ ಇಟ್ಟುಕೊಂಡು, ಯಂತ್ರದ ಬುಡದಲ್ಲಿ ನಿಂತು ಅಣ್ಣನ ಪಾದ ಹಿಡಿದುಕೊಂಡಳು. ಹದಿನೇಳು ವರ್ಷದಲ್ಲಿ ಯಂತ್ರ ಓಡುವಾಗ ಅವಳು ಆ ಕೋಣೆಯೊಳಗೆ ನಿಂತದ್ದಿಲ್ಲ. ಸದ್ದು ಹೊರಗಿನಿಂದ ಕೇಳುವಂಥದ್ದಾಗಿರಲಿಲ್ಲ. ಅದು ಹಲ್ಲಿನ ಬೇರಿಗೆ ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಮುಗಿಯಿತು ಎನ್ನುವಾಗ ಇನ್ನೊಂದು ವರಸೆಯಲ್ಲಿ ಶುರುವಾಗುತ್ತಿತ್ತು. ಸ್ವಲ್ಪ ಸದ್ದು ಬರುತ್ತೆ ಅಷ್ಟೆ, ಎಂದು ಸಾವಿರಾರು ಜನರಿಗೆ ಹೇಳಿ ಕಳಿಸಿದ್ದಳು. ಎಷ್ಟು ಸಲೀಸಾಗಿ ಹೇಳಿದ್ದಳು! ಪಾದ ತಣ್ಣಗಿತ್ತು. ಹೆಬ್ಬೆರಳಿನ ಉಗುರು ಬೆಳೆದಿತ್ತು. ಈ ಪಾದದಿಂದ ತಣ್ಣನೆಯ ಸುದ್ದಿ ಅವನ ಮಿದುಳಿಗೆ ಹೋಗುತ್ತಿದೆ, ತನ್ನ ಕೈಯ ಬಿಸಿಯ ಸುದ್ದಿಯೂ ಈಗ ಹೋಗುತ್ತಿರಬೇಕು, ಅಲ್ಲಿ ಅದು ಏನಾಗುತ್ತದೆ, ತಂಗಿ ಎಂದಾಗುತ್ತದೆಯೋ, ಬರೀ ಬಿಸಿ ಎಂದಷ್ಟೇ ಆಗುತ್ತದೆಯೋ. ಅವಳಿಗೆ ತಿಳಿದುಕೊಳ್ಳಬೇಕೆನಿಸಿತು. ಸುಮ್ಮನೆ ಹಾಗನ್ನಿಸಿತು, ತಪ್ಪೊಪ್ಪಿಗೆಯ ಗೋಜಿಲ್ಲದೆ.

ಸ್ಕ್ಯಾನು ಓದುವ ಡಾಕ್ಟರು ಚಿತ್ರಗಳನ್ನು ಇಸ್ಪೀಟಿನ ಎಲೆಯಂತೆ ಸರಸರನೆ ಸರಿಸಿ, "ಏನೂ ಇಲ್ಲ, ಚೊಕ್ಕವಾಗಿದೆ" ಎಂದರು. ಅವಳು ಚುಕ್ಕೆಯ ಮೇಲೆ ಬೆರಳಿಟ್ಟಳು. "ಇದಾ? ವಯಸ್ಸಿಂದು. ಕೂದಲು ನರೆಯಲ್ವಾ, ಹಾಗೆ. ನನ್ನ ತಲೇಲೂ ಇರುತ್ತೆ, ಇನ್ನು ಹತ್ತು ವರ್ಷಕ್ಕೆ ನಿಮ್ಮ ತಲೇಲೂ ಇರುತ್ತೆ." ಹಳೆಯ ಪೆಟ್ಟಿನ ಗುರುತು ಏನಾದರೂ ಎಂದಳು. ಇಲ್ಲವೇ ಇಲ್ಲ ಎಂದರು. ಉಯ್ಯಾಲೆ ಹೀಗೆ ಖುಲಾಸೆಯಾಯಿತು, ಅವಳಿಗೆ ಹಗುರವಾಗಲಿಲ್ಲ. ಹೊರಗೆ ಬೆಂಚಿನ ಮೇಲೆ ಅತ್ತಿಗೆ ಒಬ್ಬರೇ ಕೂತಿದ್ದರು. ಅಣ್ಣ ಬಟ್ಟೆ ಬದಲಾಯಿಸಲು ಹೋಗಿದ್ದ. "ಏನೂ ಇಲ್ಲ ಅತ್ತಿಗೆ" ಎಂದಳು. ಅತ್ತಿಗೆಯ ಮುಖ ಅರಳಬೇಕಿತ್ತು, ಅದರ ಬದಲು ಸೆರಗು ಬಾಯಿಗೆ ಹೋಯಿತು.

"ಹಾಗಾದ್ರೆ ಎಲ್ಲ ನನ್ನಿಂದಾನೇ ಅಂತಾಯ್ತಲ್ಲೇ. ನಮ್ಮತ್ತೆ ಹೇಳ್ತಾನೇ ಇದ್ರು, ನನ್ನ ಬಾಯಿಗೆ ಹೆದರಿ ಹೆದರಿ ಅವರು ಹೀಗಾದ್ರು ಅಂತ. ಏನಾದ್ರೂ ಸಿಗಲಿ ಅಂತ ಬೇಡ್ಕೊಂಡೆ ಕಣೇ. ಸಣ್ಣದು, ತೆಗೆದು ಬಿಸಾಕೋ ಅಂಥದ್ದು. ಕಟ್ಟಿಕೊಂಡವಳು ಇಂಥದ್ದು ಬೇಡ್ಕೋತಾಳಾ?"

"ನಾನೂ ಅದನ್ನೇ ಬೇಡ್ಕೊಂಡಿದ್ದೆ" ಎಂದಳು ಅವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತಿಗೆ ನಾದಿನಿಯರಾಗಿ ಇಪ್ಪತ್ತನಾಲ್ಕು ವರ್ಷವಾದರೂ ಅವರ ನಡುವೆ ಇದಕ್ಕಿಂತ ಹತ್ತಿರದ ಮಾತು ನಡೆದಿರಲಿಲ್ಲ. ಅತ್ತಿಗೆಗೆ ಅಳುವಿನ ನಡುವೆ ನಗು ಬಂತು. "ಒಳ್ಳೆ ಜೋಡಿ ನಾವು. ಅವರ ಗ್ರಹಚಾರ!" ಎಂದು ಮೂಗು ಸೀಟಿಕೊಂಡರು.

ಮನೋವೈದ್ಯೆಯ ಕೋಣೆ ಎರಡನೇ ಮಹಡಿಯಲ್ಲಿ. ಅವಳಿಗಿಂತ ಚಿಕ್ಕವರು, ಮಾತಾಡುವಾಗ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ವರದಿ ಓದಿ, "ಒಳ್ಳೇದಾಯ್ತು" ಎಂದರು. "ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಆಯ್ತು. ಕಾಯಿಲೇನೇ ಇಲ್ಲ ಅಂತ ಅಲ್ಲ. ಇವರಿಗಿರೋದು ಖಿನ್ನತೆ. ಅದು ಈ ಚಿತ್ರದಲ್ಲಿ ಬರಲ್ಲ."

"ಅದು ಮನಸ್ಸಿನದಾ ಡಾಕ್ಟ್ರೇ, ಮಿದುಳಿನದಾ?" ಅತ್ತಿಗೆ ಪಟ್ಟು ಹಿಡಿದವರಂತೆ ಕೇಳಿದರು.

"ಹೆದರಿಕೆ ಆದಾಗ ನಿಮಗೆ ಎದೆ ಹೊಡ್ಕೊಳ್ಳುತ್ತಲ್ಲ ಅಮ್ಮ, ಅದು ಮನಸ್ಸಿನದಾ, ಎದೆಯದಾ?"

"ಎರಡರದ್ದೂ."

"ಇದೂ ಹಾಗೇ. ಮಿದುಳಿಲ್ಲದೆ ಮನಸ್ಸಿಲ್ಲ. ಆದ್ರೆ ಮಿದುಳಿನ ಚಿತ್ರ ನೋಡಿ ಮನಸ್ಸು ಓದೋಕೆ ನಮಗಿನ್ನೂ ಬರಲ್ಲ. ಸಾವಿರಾರು ಜನರ ಚಿತ್ರ ಸೇರಿಸಿ ಅಳೆದ್ರೆ ಚೂರುಪಾರು ವ್ಯತ್ಯಾಸ ಕಾಣುತ್ತೆ ಅಂತಾರೆ, ಒಬ್ಬರದ್ದು ನೋಡಿ ಹೇಳೋಕಾಗಲ್ಲ. ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸೋದು, ನಿದ್ದೆ, ಹುಟ್ಟಿನಿಂದ ಬಂದಿದ್ದು, ಬದುಕಿನಲ್ಲಿ ಆಗಿದ್ದು ಎಲ್ಲ ಕೂಡಿಕೊಂಡಿರುತ್ತೆ. ಯಾವುದು ಎಷ್ಟು ಅಂತ ಕೇಳಿದ್ರೆ ನನಗೂ ಗೊತ್ತಿಲ್ಲ. ಹೋದ ಸಲ ನೀವು ಅಂದ್ರಲ್ಲ, ಒಬ್ಬರ ಬಾಯಿಂದ ಮಾತ್ರ ಬರೋ ಅಂಥದ್ದಲ್ಲ ಇದು, ಅಷ್ಟು ಗೊತ್ತು." ಅತ್ತಿಗೆ ತಲೆ ತಗ್ಗಿಸಿದರು. ಡಾಕ್ಟರೊಬ್ಬರು ಗೊತ್ತಿಲ್ಲ ಎನ್ನುವುದನ್ನು ಅವಳು ಕೇಳಿದ್ದು ಅಪರೂಪ. ಕೆಳಗೆ ಸ್ಕ್ಯಾನು ಓದುವವರು ಯಾವತ್ತೂ ಹಾಗನ್ನುವುದಿಲ್ಲ. ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು. "ಮನೇಲಿ ಹಿಂದೆ ಯಾರಿಗಾದ್ರೂ ಹೀಗಾಗಿತ್ತಾ?" "ಇಲ್ಲ" ಎಂದರು ಅತ್ತಿಗೆ. "ಇಲ್ಲ" ಎಂದ ಅಣ್ಣ. ಪೆನ್ನು ಮುಂದಿನ ಸಾಲಿಗೆ ಹೋಯಿತು.

"ನಮ್ಮಪ್ಪನಿಗೆ" ಎಂದಳು ಅವಳು. "ಎರಡು ವರ್ಷ. ಬೆನ್ನುನೋವು ಅಂತಿದ್ವಿ." ಅಣ್ಣ ತಿರುಗಿ ನೋಡಿದ. ಕೋಪವಿರಲಿಲ್ಲ. ಮೂವತ್ತು ವರ್ಷ ಮುದ್ರಣವಾಗುತ್ತಲೇ ಬಂದ ತಪ್ಪೊಂದನ್ನು ಬೇರೆಯವರು ಹಿಡಿದುಬಿಟ್ಟರು ಎಂಬಂಥ ಅಚ್ಚರಿಯಿತ್ತು. ಡಾಕ್ಟರು ಮಾತ್ರೆಯ ಬಗ್ಗೆ ಹೇಳಿದರು, ಕೆಲಸ ಮಾಡಲು ಕೆಲವು ವಾರ ಬೇಕು ಎಂದರು, ವಾರಕ್ಕೊಮ್ಮೆ ಬಂದು ಮಾತಾಡಬೇಕು ಎಂದರು. ಕೊನೆಯಲ್ಲಿ, ಸಾಯಬೇಕು ಎಂದು ಯಾವಾಗಲಾದರೂ ಅನ್ನಿಸಿದ್ದಿದೆಯೇ ಎಂದು ಕೇಳಿದರು. ಅಣ್ಣ ಅತ್ತಿಗೆಯ ಕಡೆಗೊಮ್ಮೆ ನೋಡಿ, "ಇಲ್ಲ" ಎಂದ.

ಅತ್ತಿಗೆ ಔಷಧಿ ತರಲು ಹೋದರು. "ಆ ಚಿತ್ರ ನನಗೂ ತೋರಿಸ್ತೀಯಾ?" ಎಂದ ಅಣ್ಣ. ಊಟದ ಹೊತ್ತು, ಯಂತ್ರ ಸುಮ್ಮನಿತ್ತು, ನಗಾರಿ ಕ್ಯಾಂಟೀನಿಗೆ ಹೋಗಿದ್ದ. ಅವಳು ಪರದೆಯ ಮುಂದೆ ಅವನನ್ನು ಕೂರಿಸಿ ಒಂದೊಂದೇ ಸೀಳನ್ನು ಸರಿಸಿದಳು. ಅಣ್ಣ ಕನ್ನಡಕ ಏರಿಸಿಕೊಂಡು, ಮೂಗು ಪರದೆಗೆ ತಾಗುವಷ್ಟು ಬಗ್ಗಿ ನೋಡಿದ. ಪ್ರೂಫ್ ಓದುವಾಗಿನ ಅದೇ ಬಾಗು. "ಇದರಲ್ಲಿ ನಾನೆಲ್ಲಿದೀನಿ?" ಎಂದ. ಅವಳು ನಗಬೇಕೋ ಬೇಡವೋ ತಿಳಿಯದೆ, "ನೋಡೋದು ಇಲ್ಲಿ" ಎಂದು ತಲೆಯ ಹಿಂಭಾಗ ತೋರಿಸಿದಳು, "ಮಾತು ಈ ಕಡೆ, ನೆನಪಿಗೆ ಇದು ಬೇಕು. ನೀನು ಎಲ್ಲಿ ಅಂತ... ನಾನೂ ಹದಿನೇಳು ವರ್ಷದಿಂದ ಹುಡುಕ್ತಿದೀನಿ, ಯಾರದ್ದೂ ಸಿಕ್ಕಿಲ್ಲ." ಅಣ್ಣ ತಲೆಯಾಡಿಸಿದ. ಪರದೆಯ ಮೇಲಿಂದ ಕಣ್ಣು ಕೀಳದೆ, ಮಳೆ ಬಿಸಿಲಿನ ಬಗ್ಗೆ ಹೇಳುವ ಧ್ವನಿಯಲ್ಲಿ, "ಆ ಡಾಕ್ಟ್ರಿಗೆ ಸುಳ್ಳು ಹೇಳಿದೆ" ಎಂದ.

ಅವಳು ಮೌಸಿನ ಮೇಲಿಟ್ಟ ಕೈಯನ್ನು ಅಲ್ಲೇ ಬಿಟ್ಟಳು.

"ಮೂರು ತಿಂಗಳ ಹಿಂದೆ ಪ್ರೆಸ್ಸಿಗೆ ಅಂತ ಹೋಗಿ ಮಹಡಿ ಮೇಲೆ ಹೋಗಿದ್ದೆ. ಕಾಗದದ ರೀಲು ಇಡ್ತಾರಲ್ಲ, ಅದರ ಮೇಲಿನ ತಾರಸಿ. ಅಂಚಿಗೆ ಹೋಗಿ ನಿನಗೆ ಫೋನ್ ಮಾಡಿದೆ. ನೀನು ಎತ್ತಿ, ಅಣ್ಣ ಮೇಜಿನ ಮೇಲೆ ಪೇಷಂಟ್ ಇದಾರೆ, ಆಮೇಲೆ ನಾನೇ ಮಾಡ್ತೀನಿ ಅಂದೆ. ಮೇಲೆ ಗಾಳಿಗೆ ರಿಂಗ್ ಸರಿಯಾಗಿ ಕೇಳಲ್ಲ. ನೀನು ಮಾಡಿದಾಗ ಸಿಗಬೇಕಲ್ಲ ಅಂತ ಕೆಳಗಿಳಿದು ಬಂದು ಕೂತೆ."

ಅವಳಿಗೆ ಆ ಫೋನು ನೆನಪೇ ಇರಲಿಲ್ಲ. ಯಾವ ದಿನ, ಮೇಜಿನ ಮೇಲೆ ಯಾರ ಮಂಡಿ, ಯಾರ ಭುಜ, ಏನೇನೂ ಇಲ್ಲ. ಹುಡುಕಿದರೆ ಒಂದು ಮಧ್ಯಾಹ್ನ ಫೋನು ಜೇಬಿಗೆ ಹಾಕಿಕೊಂಡದ್ದು ಮಬ್ಬಾಗಿ ತೋರಿದಂತಾಗಿ, ಅದೂ ಈಗ ತಾನೇ ಕಟ್ಟಿಕೊಂಡದ್ದೇನೋ ಎನಿಸಿತು. "ನಾನು ಮಾಡಲಿಲ್ಲ" ಎಂದಳು.

"ಇಲ್ಲ" ಎಂದ ಅಣ್ಣ. "ಸಂಜೆವರೆಗೆ ಕೂತಿದ್ದೆ. ಆಮೇಲೆ ಹಸಿವಾಯ್ತು, ಮನೆಗೆ ಹೋದೆ."

ಕ್ಷಮಿಸು ಎಂದು ಹೇಳಲು ಹೊರಟ ಮಾತು ಬಾಯಿಯವರೆಗೆ ಬಂದು, ಅದನ್ನು ಹೇಳಿದರೆ ಅವನು ಮತ್ತೆ ಆ ತಡವಾದ ನಗು ನಕ್ಕು ಅವಳನ್ನು ಸಮಾಧಾನಪಡಿಸಬೇಕಾಗುತ್ತದೆ ಎಂಬುದು ಹೊಳೆದು ಅಲ್ಲೇ ನಿಂತಿತು. ಅವಳು ಪರದೆ ಆರಿಸಿದಳು. "ಏಳು. ಮೇಲೆ ಹೋಗೋಣ. ಇದನ್ನ ಅವರಿಗೆ ಹೇಳಬೇಕು. ಅತ್ತಿಗೆಗೆ ಆಮೇಲೆ ನಾವಿಬ್ಬರೂ ಸೇರಿ ಹೇಳೋಣ." ಅಣ್ಣ ಬೇಡ ಎನ್ನುತ್ತಾನೆಂದು ಕಾದಳು. ಅವನು ಎದ್ದು ಅಂಗಿಯ ಗುಂಡಿ ಸರಿ ಮಾಡಿಕೊಂಡ. ಬಾಗಿಲಲ್ಲಿ ನಗಾರಿ ಎದುರಾಗಿ, "ಮೇಡಂ, ಒಂದೂವರೆಗೆ ಮಂಡಿ ಒಂದಿದೆ!" ಎಂದು ಘೋಷಿಸಿದ. "ನೀವೇ ತೆಗೀರಿ. ಇವತ್ತು ನಾನು ಬರೋದು ತಡ ಆಗುತ್ತೆ" ಎಂದಳು. ಮೆಟ್ಟಿಲು ಹತ್ತುವಾಗ ಅಣ್ಣ ಎರಡು ಕಡೆ ನಿಂತ, ಅವಳೂ ನಿಂತಳು, ಅವಸರ ಮಾಡಲಿಲ್ಲ.

ಮೇಲೆ ಡಾಕ್ಟರ ಬಾಗಿಲು ಮುಚ್ಚಿತ್ತು, ಒಳಗೆ ಬೇರೆ ಯಾರೋ ಇದ್ದರು. ನರ್ಸಿಗೆ ತುರ್ತು ಎಂದು ಹೇಳಿ ಇಬ್ಬರೂ ಬೆಂಚಿನ ಮೇಲೆ ಕೂತರು. ಎದುರು ಗೋಡೆಯಲ್ಲಿ ಬಣ್ಣ ಸುಲಿದ ಜಾಗವೊಂದು ಯಾವುದೋ ದೇಶದ ನಕ್ಷೆಯ ಹಾಗಿತ್ತು. ಅದನ್ನೇ ನೋಡುತ್ತ ಅವಳು ಇಷ್ಟು ತಿಂಗಳಲ್ಲಿ ಕೇಳದಿದ್ದುದನ್ನು ಕೇಳಿದಳು. "ಅಣ್ಣ, ಅದು ಹೇಗಿರುತ್ತೆ?"

"ಯಾವುದು?"

"ನಿನಗೆ ಆಗೋದು. ಬೆಳಿಗ್ಗೆ ಕಾಲುಚೀಲ ಹಿಡ್ಕೊಂಡು ಕೂತಿರ್ತೀಯಲ್ಲ, ಆಗ. ಒಳಗೆ ಹೇಗಿರುತ್ತೆ?"

ಅಣ್ಣ ಅವಳ ಮುಖವನ್ನು ದಿಟ್ಟಿಸಿದ, ಮಾತಿನ ಹಿಂದೆ ಉಪದೇಶ ಏನಾದರೂ ಇದೆಯೇ ಎಂದು. "ಮರಳು ತುಂಬಿದ ಹಾಗೆ" ಎಂದ.

"ಒಣ ಮರಳಾ, ಒದ್ದೆ ಮರಳಾ?" ಅವಳಿಗೆ ನಿಜವಾಗಿ ತಿಳಿಯಬೇಕಿತ್ತು. "ತಲೇಲಿ ಮಾತ್ರಾನಾ, ಮೈಯೆಲ್ಲಾನಾ? ಕಾಲುಚೀಲ ಕಾಣುತ್ತಾ ಆಗ, ಹಾಕ್ಕೋಬೇಕು ಅಂತ ಗೊತ್ತಿರುತ್ತಾ?"

"ಗೊತ್ತಿರುತ್ತೆ. ಎಲ್ಲ ಗೊತ್ತಿರುತ್ತೆ. ಗೊತ್ತಿರೋದಕ್ಕೂ ಕೈಗೂ ನಡುವೆ..." ಅಣ್ಣ ನಿಲ್ಲಿಸಿದ. ಬಲಗೈ ಮೇಲೆದ್ದು, ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಸವರಿಕೊಂಡವು, ಪೆನ್ನು ಇರಬೇಕಾದ ಜಾಗದಲ್ಲಿ. "ಅಲ್ಲ. ಮರಳು ಅಂದ್ನಲ್ಲ, ಅದು ಸರಿಯಿಲ್ಲ. ಮರಳು ಅಂದ್ರೆ ಭಾರ ಇರುತ್ತೆ. ಇದು ಭಾರ ಅಲ್ಲ. ತಡಿ, ಅದಕ್ಕೆ ಬೇರೆ ಪದ ಇದೆ."

ಬಾಗಿಲು ತೆರೆಯಿತು. ಒಳಗಿದ್ದವರು ಹೊರಬಂದರು, ನರ್ಸು ತಲೆ ಹೊರಗೆ ಹಾಕಿ, "ತುರ್ತು ಅಂದ್ರಲ್ಲ, ಬನ್ನಿ" ಎಂದಳು. ಅಣ್ಣ ಹುಬ್ಬು ಗಂಟಿಕ್ಕಿ ನೆಲ ನೋಡುತ್ತಿದ್ದ, ತುಟಿ ಸಣ್ಣಗೆ ಅಲ್ಲಾಡುತ್ತಿತ್ತು.

"ಒಂದೇ ನಿಮಿಷ ಇರಿ ಸಿಸ್ಟರ್" ಎಂದಳು ಅವಳು, ಸದ್ದಾಗದ ಹಾಗೆ ಕೈಯೆತ್ತಿ. "ನಮ್ಮಣ್ಣ ಒಂದು ಪದ ಹುಡುಕ್ತಿದಾನೆ."